ಮನೆಯ ನಾಲ್ಕು ಹೊತ್ತುಗಳು

ಧ್ಯಾನಕ್ಕೆ: ಧರ್ಮೋಪದೇಶಕಾಂಡ ೬ನೆಯ ಅಧ್ಯಾಯ, ೪ರಿಂದ ೯ನೆಯ ವಚನಗಳ ವರೆಗೆ

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟುವದಕ್ಕೆ ಮುಂಚೆ ಮೋಶೆಯು ಅವರನ್ನು ಕೂಡಿಸಿ ಅನೇಕ ಬುದ್ಧಿಮಾತುಗಳನ್ನು ಹೇಳಿದನು. ಅವುಗಳಲ್ಲಿ ಮನೆಯ ವಿಷಯವಾದ ಮಾತು ಈ ಭಾಗದಲ್ಲಿ ಉಂಟು. ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸತಕ್ಕದ್ದೆಂದು ಮೊದಲು ಬೋಧಿಸಿ, ಆಮೇಲೆ ಆ ಬೋಧನೆಯನ್ನು ಮಕ್ಕಳಿಗೆ ಯಾವಾಗ ಮುಟ್ಟಿಸಬೇಕೆಂಬದನ್ನು ತಿಳಿಸುತ್ತಾನೆ. ಆ ಕೆಲಸವನ್ನು ಅವನು ಯಾಜಕರ ಕೈಗೆ ಒಪ್ಪಿಸಲಿಲ್ಲ. ಅದಕ್ಕಾಗಿ ಒಂದು ಕಟ್ಟಡವನ್ನು ಕಟ್ಟಿಸಲೂ ಇಲ್ಲ. ನಾಲ್ಕು ಹೊತ್ತುಗಳನ್ನು ತೋರಿಸಿದನು. ಮನೆಯಲ್ಲಿ ಕೂತುಕೊಳ್ಳುವ ಹೊತ್ತು, ದಾರಿಯಲ್ಲಿ ಹೋಗುವ ಹೊತ್ತು, ಮಲಗುವ ಹೊತ್ತು, ಏಳುವ ಹೊತ್ತು. ಬಡವನಿಗೂ ಧನಿಕನಿಗೂ ಇವು ಸಮನಾಗಿ ದೊರೆತ ಹೊತ್ತುಗಳು. ಗೇಣಿ ಕೊಡಬೇಕಾಗಿಲ್ಲ, ಫೀಜು ಕಟ್ಟಬೇಕಾಗಿಲ್ಲ. ಓದು ಬರಹ ಅರಿಯದ ತಾಯಿಗೂ ಇವು ಸಾಕು.

ಹೀಗಿರಲಾಗಿ ನಾವು ವಿಚಾರಿಸತಕ್ಕದ್ದೇನಂದರೆ, ಈ ನಾಲ್ಕು ಹೊತ್ತುಗಳು ಇಂದು ನಮ್ಮ ಮನೆಗಳಲ್ಲಿ ಯಾರ ವಶದಲ್ಲಿ ಇವೆ? ನೇತ್ರಾವತಿಯ ದಡದ ಬಂಟ್ವಾಳಕ್ಕಾಗಲಿ, ಘಟ್ಟದ ಬುಡದ ಬೆಳ್ತಂಗಡಿಗಾಗಲಿ, ಬಸದಿಗಳಿಗೂ ವಿದ್ಯಾಶಾಲೆಗಳಿಗೂ ಹೆಸರಾದ ಮೂಡಬಿದ್ರೆಗಾಗಲಿ ಹೋಗಿ ನೋಡಿದರೆ, ಅಂಗೈಯಷ್ಟು ಅಗಲದ ಮೊಬೈಲು ಇಲ್ಲದ ಮನೆ ಸಿಕ್ಕುವದು ಕಷ್ಟ. ದೇಶದ ಹಳ್ಳಿಗಳ ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ 'ಅಸರ್' ಎಂಬ ವರದಿಯ ಪ್ರಕಾರ, ೨೦೧೮ರಲ್ಲಿ ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಸುಮಾರು ೩೬ ಮಂದಿಯ ಮನೆಯಲ್ಲಿ ಸ್ಮಾರ್ಟ್ ಫೋನು ಇತ್ತು. ಮೂರೇ ವರುಷಗಳಲ್ಲಿ, ೨೦೨೧ಕ್ಕೆ, ಅದು ಸುಮಾರು ೬೭ ಮಂದಿಯ ಮನೆಯನ್ನು ಹೊಕ್ಕಿತು. ೨೦೨೪ರ ವರದಿಯಲ್ಲಿ ೧೪ರಿಂದ ೧೬ ವರುಷ ಪ್ರಾಯದ ಮಕ್ಕಳಲ್ಲಿ ನೂರಕ್ಕೆ ೮೨ ಮಂದಿ ಅದನ್ನು ಉಪಯೋಗಿಸಲು ಬಲ್ಲವರಾಗಿದ್ದರು. ಅವರೊಳಗೆ ಹಿಂದಿನ ಒಂದು ವಾರದಲ್ಲಿ ಪಾಠಕ್ಕಾಗಿ ಅದನ್ನು ಹಿಡಿದವರು ನೂರಕ್ಕೆ ೫೭, ಸಾಮಾಜಿಕ ಜಾಲಗಳಿಗಾಗಿ ಹಿಡಿದವರು ನೂರಕ್ಕೆ ೭೬. ಪಾಠಕ್ಕೆಂದು ತಂದ ವಸ್ತುವು ಪಾಠಕ್ಕಿಂತ ಹೆಚ್ಚಾಗಿ ಬೇರೊಂದಕ್ಕೆ ಸಲ್ಲುತ್ತದೆಂಬದು ಇದರಿಂದ ತಿಳಿಯುತ್ತದೆ.

ಈ ಸಾಧನವನ್ನು ಸೈತಾನನ ಯಂತ್ರವೆಂದು ದೂಷಿಸುವದು ನಮ್ಮ ಉದ್ದೇಶವಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಎಷ್ಟೋ ತಂದೆಗಳು ತಮ್ಮ ಕೂಸಿನ ಮುಖವನ್ನು ಮೊದಲು ಕಂಡದ್ದು ಇದರಲ್ಲಿಯೇ. ಮಹಾರೋಗದ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳು ಪಾಠ ಕೇಳಿದ್ದು ಇದರ ಮೂಲಕವೇ. ೨೦೨೧ರ ಮಳೆಗಾಲದಲ್ಲಿ ನಮ್ಮ ನೆರೆಯ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ, ಮನೆಯಲ್ಲಿ ಸಂಕೇತ ಸಿಕ್ಕದ ಕಾರಣ ಒಬ್ಬ ಹುಡುಗಿಯು ದಾರಿಯ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ತಂದೆಯು ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದನು. ಆ ಚಿತ್ರವನ್ನು ದೇಶವೆಲ್ಲಾ ಕಂಡಿತು. ಪ್ರಿಯರೇ, ಅದನ್ನು ನಾವು ಮರೆಯಬಾರದು. ಯಾಕಂದರೆ ಅಲ್ಲಿ ಯಂತ್ರವೂ ಇತ್ತು, ತಂದೆಯೂ ಇದ್ದನು. ಈಗಿನ ನಮ್ಮ ದುಃಖವೇನಂದರೆ, ಯಂತ್ರವು ಮಗುವಿನ ಕೈಯಲ್ಲಿ ಉಳಿದದೆ. ಕೊಡೆ ಹಿಡಿದ ತಂದೆಯು ಅಲ್ಲಿಂದ ಹೋಗಿಬಿಟ್ಟಿದ್ದಾನೆ. ಆದಕಾರಣ ಮೋಶೆಯು ತೋರಿಸಿದ ನಾಲ್ಕು ಹೊತ್ತುಗಳನ್ನು ಒಂದೊಂದಾಗಿ ಎತ್ತಿ ವಿಚಾರಿಸುವ.

೧. ಮನೆಯಲ್ಲಿ ಕೂತುಕೊಳ್ಳುವ ಹೊತ್ತು

ಮನೆಯಲ್ಲಿ ಕೂತಾಗ ಮಗುವಿಗೆ ಮೊದಲು ಬೇಕಾದದ್ದು ತಾಯ್ತಂದೆಗಳ ಮುಖ. ೧೯೭೦ರ ದಶಕದಲ್ಲಿ ಅಮೆರಿಕಾ ದೇಶದ ಎಡ್ವರ್ಡ್ ಟ್ರಾನಿಕ್ ಎಂಬ ಪಂಡಿತರು ಒಂದು ಪರೀಕ್ಷೆಯನ್ನು ಮಾಡಿದರು. ತಾಯಿಯು ತನ್ನ ಕೂಸಿನೊಡನೆ ನಕ್ಕು ಮಾತಾಡುತ್ತಿದ್ದು, ಫಕ್ಕನೆ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ಇರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನು ಮಾಡಿದರೂ ಉತ್ತರ ಬಾರದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ಇದಕ್ಕೆ ಕೆಲವು ನಿಮಿಷಗಳೇ ಸಾಕು. ಮೊಬೈಲನ್ನು ನೋಡುವವನ ಮುಖವು ಹೇಗಿರುತ್ತದೆಂದು ನಮ್ಮಲ್ಲಿ ಪ್ರತಿಯೊಬ್ಬನು ಬಲ್ಲನು. ೨೦೧೪ರಲ್ಲಿ ಜೆನ್ನಿ ರಾಡೆಸ್ಕಿ ಎಂಬ ವೈದ್ಯೆಯೂ ಆಕೆಯ ಜತೆಯವರೂ ಬೋಸ್ಟನ್ ಪಟ್ಟಣದ ಊಟದ ಮನೆಗಳಲ್ಲಿ ಮಕ್ಕಳೊಡನೆ ಬಂದ ೫೫ ಮಂದಿ ದೊಡ್ಡವರನ್ನು ಗಮನಿಸಿದರು. ಅವರಲ್ಲಿ ೪೦ ಮಂದಿ ಊಟದ ನಡುವೆ ಮೊಬೈಲು ಹಿಡಿದರು. ನಮ್ಮ ಜಗಲಿಗಳಲ್ಲಿ ಯಾರಾದರೂ ಹೀಗೆ ಎಣಿಸಿದರೆ ಲೆಕ್ಕವು ಇದಕ್ಕಿಂತ ಕಡಿಮೆಯಾದೀತೋ?

ಮಗುವು ಮಾತು ಕಲಿಯುವದೂ ಈ ಹೊತ್ತಿನಲ್ಲಿಯೇ. ೨೦೦೩ರಲ್ಲಿ ಪೆಟ್ರಿಶಿಯಾ ಕೂಲ್ ಎಂಬ ವಿದುಷಿಯು ಒಂಭತ್ತು ತಿಂಗಳ ಅಮೆರಿಕಾದ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿ ನೋಡಿದರು. ಎದುರಿಗೆ ಕೂತು ಆಡಿಸುವ ಮನುಷ್ಯರ ಬಾಯಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಿದವು. ಅದೇ ಮಾತುಗಳನ್ನು ಪರದೆಯ ಮೂಲಕ ಕಂಡು ಕೇಳಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ೨೦೨೪ರಲ್ಲಿ ಪ್ರಕಟವಾದ ಆಸ್ತ್ರೇಲಿಯಾದ ಒಂದು ಸಂಶೋಧನೆಯಲ್ಲಿ ೨೨೦ ಕುಟುಂಬಗಳ ಮಾತುಕತೆಯನ್ನು ಯಂತ್ರದಿಂದ ಎಣಿಸಿದರು. ಮೂರು ವರುಷದ ಮಗುವು ಪರದೆಯ ಮುಂದೆ ಕಳೆಯುವ ಒಂದೊಂದು ಹೆಚ್ಚಿನ ನಿಮಿಷಕ್ಕೂ ದೊಡ್ಡವರಿಂದ ಕೇಳುವ ಮಾತುಗಳು ಆರೂವರೆಯಷ್ಟು ಕಡಿಮೆಯಾದವು. ಮಗುವು ತಾನಾಗಿ ಆಡುವ ಸೊಲ್ಲುಗಳು ಸುಮಾರು ಐದು ಕಡಿಮೆಯಾದವು. ನಿಮಿಷಕ್ಕೆ ಇಷ್ಟಾದರೆ ಒಂದು ತಾಸಿಗೆ ಎಷ್ಟು, ವರುಷಕ್ಕೆ ಎಷ್ಟು? ತುಳುವನ್ನೂ ಕನ್ನಡವನ್ನೂ ಕೊಂಕಣಿಯನ್ನೂ ಬ್ಯಾರಿಯನ್ನೂ ಜಗಲಿಯ ಮೇಲೆಯೇ ಕಲಿಯುತ್ತಿದ್ದ ನಮ್ಮ ಸೀಮೆಯ ಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿಯೇ, ಒಂದು ವರುಷ ತುಂಬದ ಕೂಸಿಗೆ ಪರದೆಯು ಬೇಡವೆಂದೂ, ಎರಡರಿಂದ ನಾಲ್ಕು ವರುಷದ ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದೂ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೇದೆಂದೂ ತಿಳಿಸಿದ್ದಾರೆ.

ಇಲ್ಲಿ ತಾಯಂದಿರನ್ನು ದೂರುವದು ಬಹು ಸುಲಭ, ಅದು ನ್ಯಾಯವಲ್ಲ. ಬಂಟ್ವಾಳ ಬೆಳ್ತಂಗಡಿಗಳ ಎಷ್ಟೋ ಮನೆಗಳಲ್ಲಿ ತಾಯಿಯು ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಕೂಲಿಯು ಸಾವಿರದ ಲೆಕ್ಕಕ್ಕೆ. ಮಗು ಅತ್ತರೆ ಕೈ ನಿಲ್ಲುತ್ತದೆ; ಕೈ ನಿಂತರೆ ಅಕ್ಕಿಗೆ ಕಡಿಮೆಯಾಗುತ್ತದೆ. ಆಗ ಅವಳು ಮೊಬೈಲನ್ನು ಮಗುವಿನ ಕೈಗೆ ಕೊಟ್ಟರೆ ಕಲ್ಲೆಸೆಯುವವರು ಯಾರು? ಅವಳಿಗೆ ಗದರಿಕೆಯಿಂದ ಪ್ರಯೋಜನವಿಲ್ಲ. ಜತೆಗೆ ಕೂತುಕೊಳ್ಳುವ ಒಬ್ಬ ಮನುಷ್ಯನು ಬೇಕು. ಕೆಲಸದಿಂದ ಬಂದ ಗಂಡನು ಅರ್ಧ ತಾಸು ಕೂಸನ್ನು ಎತ್ತಿಕೊಳ್ಳಲಿ. ಅಜ್ಜಿಯು ಕಥೆ ಹೇಳಲಿ. ನೆರೆಮನೆಯ ದೊಡ್ಡ ಹುಡುಗಿಯು ಸಾಯಂಕಾಲ ಬಂದು ಆಡಿಸಲಿ. ಬೀಡಿ ಕಟ್ಟುವ ಕೈಗೆ ಬಿಡುವಿಲ್ಲದಿದ್ದರೂ ಬಾಯಿಗೆ ಬಿಡುವುಂಟು. ತಾಯಿಯು ಹಾಡುತ್ತಾ ಎಣಿಸುತ್ತಾ ಇದ್ದರೆ ಮಗುವೂ ಎಣಿಸಲು ಕಲಿಯುವದು. ಕರ್ತನ ಬಳಿಗೆ ಮಕ್ಕಳನ್ನು ತಂದಾಗ, ದೊಡ್ಡ ಕಾರ್ಯಕ್ಕೆ ಅಡ್ಡಿಯಾಗುತ್ತದೆಂದು ಶಿಷ್ಯರು ಅವರನ್ನು ತಡೆದರಷ್ಟೇ. ಆತನಾದರೋ ಶಿಷ್ಯರ ಮೇಲೆ ಕೋಪಗೊಂಡು ಮಕ್ಕಳನ್ನು ಅಪ್ಪಿಕೊಂಡನು. ಲೋಕರಕ್ಷಕನಿಗೆ ಬಿಡುವಿದ್ದ ಮೇಲೆ ನಮಗೆ ಇಲ್ಲವೋ?

೨. ದಾರಿಯಲ್ಲಿ ಹೋಗುವ ಹೊತ್ತು

ಹಿಂದೆ ನಮ್ಮ ಮಕ್ಕಳು ಗುಡ್ಡ ಹತ್ತಿ ತೋಡು ದಾಟಿ, ಅಡಿಕೆ ಮರದ ಕಾಲುಸಂಕದ ಮೇಲೆ ಹಿರಿಯರ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದರು. ದಾರಿಯೆಂದರೆ ಪ್ರಶ್ನೆಗಳ ಸಮಯ. ಇದು ಯಾವ ಹಕ್ಕಿ, ಆ ಕಲ್ಲನ್ನು ಯಾರು ನಿಲ್ಲಿಸಿದರು, ಮಳೆ ಎಲ್ಲಿಂದ ಬರುತ್ತದೆ ಎಂದು ಮಗು ಕೇಳುವದು. ತಿಳಿದಷ್ಟು ದೊಡ್ಡವರು ಹೇಳುವರು. ಇದೇ ಅಧ್ಯಾಯದ ಕೊನೆಯ ಭಾಗದಲ್ಲಿ ಮೋಶೆಯು, ಮುಂದೆ ಮಗನು ಬಂದು ಈ ವಿಧಿಗಳ ಅರ್ಥವೇನೆಂದು ವಿಚಾರಿಸುವ ದಿನಕ್ಕಾಗಿ ತಂದೆಯನ್ನು ಸಿದ್ಧಪಡಿಸುತ್ತಾನೆ. ಮಗನ ಪ್ರಶ್ನೆಯಿಂದಲೇ ತಂದೆಯ ಉಪದೇಶವು ಹುಟ್ಟುತ್ತದೆ. ಈಗಲಾದರೋ ಮೂಡಬಿದ್ರೆಯಿಂದ ವೇಣೂರು ಗುರುವಾಯನಕೆರೆಗಳ ಮೇಲೆ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕೂತು ನೋಡಿರಿ. ತಂದೆಯ ತಲೆಯೂ ಬಗ್ಗಿದೆ, ಮಗನ ತಲೆಯೂ ಬಗ್ಗಿದೆ. ಹೊರಗೆ ಗದ್ದೆಯೂ ಗುಡ್ಡವೂ ಹಿಂದಕ್ಕೆ ಸರಿಯುತ್ತವೆ. ಕೇಳುವವನೂ ಇಲ್ಲ, ಹೇಳುವವನೂ ಇಲ್ಲ. ಪ್ರಶ್ನೆಯೇನಾದರೂ ಹುಟ್ಟಿದರೆ ಅದನ್ನು ಯಂತ್ರಕ್ಕೆ ಕೇಳುತ್ತಾರೆ. ಯಂತ್ರವು ತಂದೆಗಿಂತ ಬೇಗ ಉತ್ತರ ಕೊಡುವದು ನಿಜ. ಆದರೆ ಕೇಳಿದ ಮಗುವು ಹಸಿದದೆಯೋ ಹೆದರಿದೆಯೋ ಎಂಬದನ್ನು ಅರಿಯುವವನು ತಂದೆಯೇ.

ಮಂಗಳೂರಿನಲ್ಲಿ ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವು ಹೊರಟಾಗ ಕನ್ನಡದಲ್ಲಿ ವರ್ತಮಾನಪತ್ರವೆಂಬದೇ ಹೊಸದು. ಪತ್ರವನ್ನು ಒಬ್ಬನು ಗಟ್ಟಿಯಾಗಿ ಓದಿದರೆ ಹತ್ತು ಮಂದಿ ಕೇಳಬಹುದು. ಆಮೇಲೆ ಬಂದ ರೇಡಿಯೋದ ಮುಂದೆ ಮನೆಮಂದಿಯೆಲ್ಲಾ ಕೂತರು. ಮೊಬೈಲಾದರೋ ಒಂದು ಜತೆ ಕಣ್ಣಿಗಾಗಿಯೇ ಮಾಡಲ್ಪಟ್ಟದ್ದು. ಆದಕಾರಣ ಒಂದೇ ಬೆಂಚಿನಲ್ಲಿ ಕೂತ ನಾಲ್ವರು ನಾಲ್ಕು ಊರುಗಳಲ್ಲಿ ಇದ್ದಂತೆ ಇರುತ್ತಾರೆ. ದಾರಿಯಲ್ಲಿ ಅದನ್ನು ಚೀಲದೊಳಗೆ ಇಟ್ಟು ಮಗುವಿನ ಪ್ರಶ್ನೆಗೆ ಕಾದಿರುವದು ನಮ್ಮಿಂದ ಆಗದ ಕೆಲಸವಲ್ಲ.

೩. ಮಲಗುವ ಹೊತ್ತು

ಆರರಿಂದ ಹನ್ನೆರಡು ವರುಷದ ಮಕ್ಕಳಿಗೆ ದಿನಕ್ಕೆ ೯ರಿಂದ ೧೨ ತಾಸು ನಿದ್ರೆ ಬೇಕೆಂದೂ, ೧೩ರಿಂದ ೧೮ ವರುಷದವರಿಗೆ ೮ರಿಂದ ೧೦ ತಾಸು ಬೇಕೆಂದೂ ವೈದ್ಯರು ಹೇಳುತ್ತಾರೆ. ೨೦೧೬ರಲ್ಲಿ ೨೦ ಸಂಶೋಧನೆಗಳನ್ನು ಒಟ್ಟುಗೂಡಿಸಿ, ೧,೨೫,೧೯೮ ಮಕ್ಕಳ ಸಂಗತಿಯನ್ನು ಪರಿಶೀಲಿಸಿದ ಪಂಡಿತರು, ಮಲಗುವ ಸಮಯದಲ್ಲಿ ಇಂಥ ಸಾಧನಗಳನ್ನು ಹಿಡಿಯುವ ಮಕ್ಕಳಲ್ಲಿ ನಿದ್ರೆ ಸಾಲದೆ ಹೋಗುವ ಸಂಭವವು ಉಳಿದವರಿಗಿಂತ ಸುಮಾರು ಇಮ್ಮಡಿಯೆಂದು ಕಂಡರು. ಇನ್ನೂ ಆಶ್ಚರ್ಯವೇನಂದರೆ, ಅದನ್ನು ಹಿಡಿಯದೆ ಮಲಗುವ ಕೋಣೆಯಲ್ಲಿ ಇಟ್ಟುಕೊಂಡವರ ನಿದ್ರೆಯೂ ಕಡಿಮೆಯಾಗಿತ್ತು. ಪರದೆಯ ಬೆಳಕು ದೇಹದಲ್ಲಿ ನಿದ್ರೆಯನ್ನು ತರುವ ರಸವನ್ನು ತಡೆಯುತ್ತದೆ. ಕಂಡ ಕೇಳಿದ ಸಂಗತಿಗಳು ಮನಸ್ಸನ್ನು ಕೆದಕುತ್ತವೆ. ಗೆಳೆಯನು ಏನು ಬರೆದನೋ ಎಂಬ ನಿರೀಕ್ಷೆಯು ಕಣ್ಣು ಮುಚ್ಚಗೊಡುವದಿಲ್ಲ.

ಮಲಗುವ ಹೊತ್ತು ಮಗುವು ಮನಸ್ಸು ಬಿಚ್ಚುವ ಹೊತ್ತೂ ಹೌದು. ಹಗಲಲ್ಲಿ ಹೇಳದ ಭಯವನ್ನೂ ಅವಮಾನವನ್ನೂ ಅದು ಕತ್ತಲಲ್ಲಿ ಮೆಲ್ಲನೆ ಹೇಳುವದು. ಬಾಲಕನಾದ ಸಮುವೇಲನ ಕಥೆಯನ್ನು ನೆನಸಿರಿ. ರಾತ್ರಿಯಲ್ಲಿ ತನ್ನನ್ನು ಯಾರೋ ಕರೆದರೆಂದು ಅವನು ಎದ್ದು ಮುದುಕನಾದ ಏಲಿಯ ಬಳಿಗೆ ಓಡಿದನು. ಹೀಗೆ ಮೂರು ಸಾರಿ ಆಯಿತು. ಏಲಿಯು ತನ್ನ ಸ್ವಂತ ಮಕ್ಕಳನ್ನು ತಡೆಯದೆ ಹಾಳುಮಾಡಿಕೊಂಡವನು. ಆದರೂ ಆ ರಾತ್ರಿ ಬೇಸರಗೊಳ್ಳದೆ ಹುಡುಗನ ಮಾತನ್ನು ಕೇಳಿ, ಕರೆಯುವವನು ಯಾರೆಂಬದನ್ನು ತಿಳಿಸಿಕೊಟ್ಟನು. ಇಂದು ನಮ್ಮ ಮಕ್ಕಳನ್ನು ಕತ್ತಲಲ್ಲಿ ಅನೇಕ ಸ್ವರಗಳು ಕರೆಯುತ್ತವೆ. ಹಣವಿಟ್ಟು ಆಡುವ ಆಟದ ಸ್ವರ. ಪರಿಚಯವಿಲ್ಲದವನ ಸವಿಮಾತಿನ ಸ್ವರ. ಚಿತ್ರವನ್ನು ಕಳುಹಿಸೆಂದು ಹೆದರಿಸುವವನ ಸ್ವರ. ಮಗುವು ಎದ್ದು ಓಡಿ ಬಂದರೆ ಎಚ್ಚರವಾಗಿರುವ ಏಲಿಯು ನಮ್ಮ ಮನೆಯಲ್ಲಿ ಇದ್ದಾನೋ? ಬೈಗುಳ ಸಿಕ್ಕುವದೆಂದು ತಿಳಿದ ಮಗುವು ಓಡಿ ಬರುವದಿಲ್ಲ, ಸುಮ್ಮನೆ ನರಳುವದು. ಹೀಗೆ ಯಾವ ಮಗುವಾದರೂ ಸಿಕ್ಕಿಬಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿರಿ. ಮಕ್ಕಳ ಸಹಾಯಕ್ಕೆ ೧೦೯೮, ಮೋಸದಿಂದ ಹಣ ಹೋದರೆ ೧೯೩೦, ಮನಸ್ಸು ಕುಗ್ಗಿದರೆ ೧೪೪೧೬ ಎಂಬ ಸಂಖ್ಯೆಗಳಿಗೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲಿನ ಹುಚ್ಚನ್ನು ಬಿಡಿಸುವದಕ್ಕಾಗಿಯೇ ೨೦೧೪ರಿಂದ ಒಂದು ಚಿಕಿತ್ಸಾಲಯ ಉಂಟು. ಜ್ವರಕ್ಕೆ ವೈದ್ಯನ ಬಳಿಗೆ ಹೋಗುವದು ನಾಚಿಕೆಯಲ್ಲದಿದ್ದರೆ ಇದಕ್ಕೂ ನಾಚಿಕೆ ಬೇಡ.

೪. ಏಳುವ ಹೊತ್ತು

ಕಣ್ಣು ತೆರೆದ ಕೂಡಲೇ ಕೈ ಎಲ್ಲಿಗೆ ಹೋಗುತ್ತದೆಂಬದರಿಂದ ಮನುಷ್ಯನ ಒಡೆಯನು ಯಾರೆಂದು ತಿಳಿಯುತ್ತದೆ. ಅಮೆರಿಕಾದಲ್ಲಿ ೧೧ರಿಂದ ೧೭ ವರುಷದ ಸುಮಾರು ೨೦೦ ಮಕ್ಕಳ ಮೊಬೈಲುಗಳನ್ನು ಅನುಮತಿಯಿಂದ ಪರೀಕ್ಷಿಸಿದಾಗ, ಅರ್ಧ ಮಂದಿಗೆ ದಿನಕ್ಕೆ ೨೩೭ ಅಥವಾ ಅದಕ್ಕೂ ಹೆಚ್ಚು ಸೂಚನೆಗಳು ಬರುತ್ತಿದ್ದವೆಂದು ೨೦೨೩ರಲ್ಲಿ ಪ್ರಕಟವಾಯಿತು. ಒಬ್ಬ ಆಳನ್ನು ದಿನಕ್ಕೆ ೨೩೭ ಸಾರಿ ಕರೆಯುವ ಧಣಿಯನ್ನು ನಾವು ಕ್ರೂರನೆನ್ನುವೆವು. ಈ ಧಣಿಯನ್ನು ನಾವೇ ಹಣ ಕೊಟ್ಟು ಮನೆಗೆ ತಂದು ಮಕ್ಕಳ ತಲೆದಿಂಬಿನ ಕೆಳಗೆ ಇಟ್ಟಿದ್ದೇವೆ.

ಇದರ ಬಲವು ಎಲ್ಲಿಂದ ಬಂತೆಂದು ತಿಳಿದಿರುವದು ಒಳ್ಳೇದು. ಈ ಜಾಲಗಳನ್ನು ನಡಿಸುವ ಕಂಪೆನಿಗಳಿಗೆ ಲಾಭವು ಜಾಹೀರಾತುಗಳಿಂದ. ನೋಡುವ ಹೊತ್ತು ಹೆಚ್ಚಾದಷ್ಟು ಲಾಭವೂ ಹೆಚ್ಚು. ಆದಕಾರಣ ಪುಟಕ್ಕೆ ಕೊನೆಯನ್ನು ಇಡಲಿಲ್ಲ. ಒಂದು ಚಿತ್ರ ಮುಗಿಯುವದರೊಳಗೆ ಇನ್ನೊಂದು ತಾನಾಗಿ ಆರಂಭಿಸುತ್ತದೆ. ಯಾವದನ್ನು ಕಂಡು ಬೆರಳು ನಿಂತಿತೆಂಬದನ್ನು ಯಂತ್ರವು ನೆನಪಿಟ್ಟು ಅಂಥದ್ದನ್ನೇ ಮತ್ತೆ ತರುತ್ತದೆ. ಪುಸ್ತಕಕ್ಕೆ ಕೊನೆಯ ಹಾಳೆ ಉಂಟು, ರಾತ್ರಿಯ ಆಟಕ್ಕೆ ಬೆಳಗಿನ ಮಂಗಳ ಉಂಟು, ಇದಕ್ಕೆ ಕೊನೆಯಿಲ್ಲ. ಹೀಗೆ ಕಲಿತವರು ಅನೇಕರು ಸೇರಿ ಹೆಣೆದ ಬಲೆಯನ್ನು ಹತ್ತು ವರುಷದ ಹುಡುಗನು ಒಬ್ಬನೇ ಹರಿಯಬೇಕೆನ್ನುವದು ಅನ್ಯಾಯ. ರಾಜ್ಯಗಳಿಗೂ ಇದು ತಿಳಿಯುತ್ತಾ ಬಂದದೆ. ನಮ್ಮ ದೇಶವು ೨೦೨೫ರಲ್ಲಿ ಹಣವಿಟ್ಟು ಆಡುವ ಆಟಗಳನ್ನು ಕಾನೂನಿನಿಂದ ನಿಷೇಧಿಸಿತು. ಆಸ್ತ್ರೇಲಿಯಾದಲ್ಲಿ ೧೬ ವರುಷ ತುಂಬದವರು ಸಾಮಾಜಿಕ ಜಾಲಗಳಲ್ಲಿ ಖಾತೆ ಇಡಬಾರದೆಂಬ ಕಾನೂನು ಅದೇ ವರುಷದ ದಶಂಬರದಲ್ಲಿ ಜಾರಿಗೆ ಬಂತು. ಆದರೆ ಕಾನೂನು ಮನೆಯ ಬಾಗಿಲ ವರೆಗೆ ಬರಬಹುದು. ಒಳಗೆ ಬಂದು ಮಗುವಿನೊಡನೆ ಮಾತಾಡಲಾರದು. ನಮ್ಮ ಕರ್ತನು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ತಂದೆಯೊಡನೆ ಮಾತಾಡಿದನೆಂದು ಮಾರ್ಕನು ಬರೆದಿದ್ದಾನೆ. ಆ ದಿವಸವೂ ಜನರು ಆತನನ್ನು ಹುಡುಕುತ್ತಾ ಇದ್ದರು. ಆದರೂ ದಿನದ ಮೊದಲನೆಯ ಹೊತ್ತನ್ನು ಆತನು ಜನರ ಗುಂಪಿಗೆ ಕೊಡಲಿಲ್ಲ.

ಸತ್ಯವನ್ನು ಹೇಳಬೇಕಾದವರು ತೂಗಿ ಹೇಳಬೇಕು. ಮೊಬೈಲನ್ನು ನೋಡುವ ಪ್ರತಿ ಮಗುವೂ ಕೆಡುವದೆಂದು ಪಂಡಿತರು ಹೇಳುವದಿಲ್ಲ. ೨೦೧೯ರಲ್ಲಿ ಆಮಿ ಆರ್ಬೆನ್, ಆಂಡ್ರ್ಯೂ ಪ್ರಿಝಿಬಿಲ್‌ಸ್ಕಿ ಎಂಬ ಆಕ್ಸ್‌ಫರ್ಡಿನ ಪಂಡಿತರು ಲಕ್ಷಗಟ್ಟಳೆ ಹದಿಹರೆಯದವರ ಲೆಕ್ಕಗಳನ್ನು ಪರಿಶೋಧಿಸಿ, ಅವರ ಸುಖದುಃಖಗಳಲ್ಲಿ ಕಾಣುವ ವ್ಯತ್ಯಾಸದೊಳಗೆ ಈ ಸಾಧನಗಳಿಗೆ ಸಂಬಂಧಪಟ್ಟದ್ದು ನೂರರಲ್ಲಿ ಅರ್ಧ ಪಾಲನ್ನೂ ಮುಟ್ಟುವದಿಲ್ಲವೆಂದು ತೋರಿಸಿದರು. ಮೊದಲೇ ದುಃಖದಲ್ಲಿರುವ ಮಗುವು ಸಮಾಧಾನಕ್ಕಾಗಿ ಮೊಬೈಲನ್ನು ಹುಡುಕುವದೂ ಉಂಟು. ಆದಕಾರಣ ಭಯಪಡಿಸುವದು ಬೇಡ. ಆದರೆ ಸರಾಸರಿಯ ಲೆಕ್ಕವು ಸಣ್ಣದೆಂದು ಹೇಳಿ ನಿದ್ದೆಗೆಟ್ಟ ನಮ್ಮ ಸ್ವಂತ ಮಗಳನ್ನು ಸಮಾಧಾನಪಡಿಸಲಾಗುವದೋ? ಕುರುಬನು ಒಂದೊಂದು ಕುರಿಯನ್ನು ಹೆಸರಿನಿಂದ ಬಲ್ಲನು. ತಾಯ್ತಂದೆಗಳೂ ಹಾಗೆಯೇ ತಮ್ಮ ಒಂದೊಂದು ಮಗುವನ್ನು ನೋಡತಕ್ಕದ್ದು. ಉಣ್ಣುತ್ತಾನೋ, ಆಡುತ್ತಾನೋ, ನಿದ್ರಿಸುತ್ತಾನೋ, ನಗುತ್ತಾನೋ?

ಹಾಗಾದರೆ ನಾವು ಏನು ಮಾಡುವ? ನಾಲ್ಕು ಹೊತ್ತುಗಳಿಗೆ ನಾಲ್ಕು ಕಟ್ಟಳೆಗಳು ಸಾಕು. ಉಣ್ಣುವಾಗ ಯಾರ ಕೈಯಲ್ಲಿಯೂ ಮೊಬೈಲು ಬೇಡ. ದಾರಿಯಲ್ಲಿ ಮಗುವು ಜತೆಗಿದ್ದರೆ ಅದು ಚೀಲದೊಳಗೆ ಇರಲಿ. ರಾತ್ರಿಯ ಪ್ರಾರ್ಥನೆಯಾದ ಮೇಲೆ ಮನೆಯ ಎಲ್ಲಾ ಮೊಬೈಲುಗಳು ಚಾವಡಿಯಲ್ಲಿ ಒಂದೇ ಕಡೆ ಮಲಗಲಿ. ಬೆಳಿಗ್ಗೆ ದೇವರ ಹೆಸರನ್ನು ಹೇಳಿ ಒಬ್ಬರನ್ನೊಬ್ಬರು ಮಾತಾಡಿಸುವ ತನಕ ಯಾರೂ ಅವನ್ನು ಮುಟ್ಟದೆ ಇರಲಿ. ಈ ಕಟ್ಟಳೆ ಮೊದಲು ದೊಡ್ಡವರಿಗೆ, ಆಮೇಲೆ ಮಕ್ಕಳಿಗೆ. ಮೋಶೆಯು ದೇವರ ಮಾತುಗಳು ಮೊದಲು ತಂದೆಯ ಹೃದಯದಲ್ಲಿ ಇರಬೇಕೆಂದು ಹೇಳಿ, ಆಮೇಲೆ ಮಕ್ಕಳಿಗೆ ಕಲಿಸುವ ಮಾತನ್ನು ಎತ್ತಿದನಲ್ಲವೇ? ತಾನು ಹಾಸಿಗೆಯಲ್ಲಿ ಅದನ್ನು ನೋಡುತ್ತಾ ಮಗನನ್ನು ಗದರಿಸುವ ತಂದೆಯ ಮಾತಿಗೆ ತೂಕವಿಲ್ಲ.

ಇನ್ನೂ ಒಂದು ಮಾತು. ಕಟ್ಟಳೆಯು ಹೆಣ್ಣುಮಕ್ಕಳಿಗೆ ಮಾತ್ರ ಆಗಬಾರದು. ಮೇಲೆ ಹೇಳಿದ ವರದಿಯವರೇ ೨೦೨೩ರಲ್ಲಿ ೧೪ರಿಂದ ೧೮ ವರುಷದವರನ್ನು ವಿಚಾರಿಸಿದಾಗ, ಸ್ವಂತ ಮೊಬೈಲು ಉಳ್ಳ ಹುಡುಗರು ಹುಡುಗಿಯರಿಗಿಂತ ಇಮ್ಮಡಿಗಿಂತಲೂ ಹೆಚ್ಚೆಂದು ಕಂಡುಬಂತು. ಮಗನಿಗೆ ಅಂಕೆಯಿಲ್ಲದ ಸ್ವಾತಂತ್ರ್ಯವನ್ನೂ ಮಗಳಿಗೆ ಸಂಶಯವನ್ನೂ ಕೊಡುವ ಮನೆಯಲ್ಲಿ ಇಬ್ಬರಿಗೂ ಕೇಡಾಗುವದು. ಕಲಿಯುವದಕ್ಕೆ ಮಗಳಿಗೂ ಸಮಪಾಲು ಇರಲಿ. ತಡೆಯುವದರಲ್ಲಿ ಮಗನಿಗೂ ಸಮಪಾಲು ಇರಲಿ.

ತಿಮೊಥೆಯಲ್ಲಿದ್ದ ನಂಬಿಕೆಯು ಮೊದಲು ಅವನ ಅಜ್ಜಿಯಲ್ಲಿಯೂ ಆಮೇಲೆ ತಾಯಿಯಲ್ಲಿಯೂ ಇತ್ತೆಂದು ಪೌಲನು ನೆನಸುತ್ತಾನೆ. ಲೋವಿಯು ಯೂನೀಕೆಗೆ, ಯೂನೀಕೆಯು ತಿಮೊಥೆಗೆ ಅದನ್ನು ಮುಟ್ಟಿಸಿದ್ದು ಇಂಥ ಮನೆಯ ಹೊತ್ತುಗಳಲ್ಲಿಯೇ ಹೊರತು ಬೇರೆಲ್ಲಿ? ನಮ್ಮ ಹಳ್ಳಿಗಳಲ್ಲಿ ಅಡಿಕೆ ಸುಲಿಯುತ್ತಾ ಕೂತ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರ ಬಾಯಲ್ಲಿ ಕಥೆಗಳು ಇನ್ನೂ ಇವೆ. ಕೇಳುವ ಕಿವಿಗಳು ಬೇರೆ ಕಡೆಗೆ ತಿರುಗಿವೆ ಅಷ್ಟೇ. ಅಜ್ಜಿಯಂದಿರು ಹೋದ ಮೇಲೆ ಆ ಕಥೆಗಳನ್ನು ಯಾವ ಯಂತ್ರವೂ ನಮಗೆ ಹಿಂದಕ್ಕೆ ಕೊಡಲಾರದು. ಮಕ್ಕಳು ಚಿಕ್ಕವರಾಗಿರುವ ವರುಷಗಳೂ ಕೆಲವೇ. ಅವು ಸಹ ತಿರುಗಿ ಬರುವದಿಲ್ಲ.

ಪರಲೋಕದ ತಂದೆಯೇ, ನಾವು ಕರೆದಾಗಲೆಲ್ಲಾ ನೀನು ಮುಖವನ್ನು ನಮ್ಮ ಕಡೆಗೆ ತಿರುಗಿಸುತ್ತೀ. ನಾವೂ ನಮ್ಮ ಮಕ್ಕಳ ಕಡೆಗೆ ಮುಖವನ್ನು ತಿರುಗಿಸುವ ಹಾಗೆ ನಮಗೆ ಕೃಪೆಯನ್ನು ದಯಪಾಲಿಸು. ದುಡಿದು ದಣಿದ ತಾಯಂದಿರನ್ನು ಬಲಪಡಿಸು; ದೂರದೇಶದಲ್ಲಿರುವ ತಂದೆಗಳನ್ನು ಕಾಪಾಡು; ಕತ್ತಲಲ್ಲಿ ಕೆಟ್ಟ ಸ್ವರಗಳನ್ನು ಕೇಳುವ ಮಕ್ಕಳಿಗೆ ಓಡಿ ಬರುವದಕ್ಕೆ ಒಂದು ಮಡಿಲನ್ನು ಸಿದ್ಧಮಾಡು. ಕೂತಾಗಲೂ ನಡೆಯುವಾಗಲೂ ಮಲಗಿದಾಗಲೂ ಎದ್ದಾಗಲೂ ನಮ್ಮ ಮನೆಗಳು ನಿನ್ನವಾಗಿರಲಿ. ಆಮೆನ್.